ಐದು ನೆಲ ನಡೆದ ಕಂಬಳಿ

ನಾನು ಒಂದು ಕರಿ ಕಂಬಳಿ. ಚುಚ್ಚುತ್ತೇನೆ, ನಿಜ. ಕಂಬಳಿಯಲ್ಲಿ ಉಣ್ಣಲು ಕೂತವರು ಕೂದಲು ಆರಿಸಬಾರದು. ನನ್ನ ನೂಲು ತೆಗೆದವಳು ಹಾಲವ್ವ, ಕುರಿಗಾರ ಮಾಳಪ್ಪನ ಹೆಂಡತಿ. ಕುಣಿಮಗ್ಗದಲ್ಲಿ ನೇಯಿಸಿ, ಮಳೆ ಒಳಗಿಳಿಯದಂತೆ ಹುಣಸೆಬೀಜದ ಅಂಟು ಸರಿ ಬಳಿದು, ಅವಳೇ ಗಂಡನ ಹೆಗಲಿಗೆ ಹಾಕಿದಳು.

ಆಗ ಇಬ್ಬರೂ ಕುರಿ ಹಿಂದೆ ನಡೆಯುತ್ತಿದ್ದರು. ಉತ್ತರ ಕರ್ನಾಟಕವೆಂದರೆ ಬರೀ ಬಿಸಿಲು ಎನ್ನುವವರು ನನ್ನನ್ನು ಒಮ್ಮೆ ಹೊದ್ದು ನೋಡಬೇಕಿತ್ತು. ಜೋಳ ಕೊಯ್ದ ಎರೆಹೊಲಗಳಲ್ಲಿ ಕರಿ ಮಣ್ಣು ಬಿರಿದು ಕಾಲು ಸಿಕ್ಕಿಬೀಳುತ್ತಿತ್ತು. ಅದು ದಾಟಿದರೆ ಮಲಪ್ರಭೆ, ದಂಡೆಯ ಆಪುಹುಲ್ಲಿನ ಹಸಿ ವಾಸನೆ. ಆಚೆ ಜಾಲಿಯ ಕುರುಚಲು, ಅಲ್ಲಿ ತೋಳದ ಭಯ. ಆಮೇಲೆ ನಿಂಬೆಯಂತೆ ಘಮಿಸುವ ಮಜ್ಜಿಗೆ ಹುಲ್ಲಿನ ಗುಡ್ಡ. ಕಡೆಗೆ ಹಳಿಯಾಳದ ಕಡೆಯ ಸಾಗುವಾನಿ ಕಾಡಿನ ಅಂಚು. ಅಷ್ಟೊಂದು ನೆರಳು ಕಂಡು ಕುರಿಗಳೂ ಬೆಪ್ಪಾಗಿ ನಿಲ್ಲುತ್ತಿದ್ದವು.

ಒಂದು ವರ್ಷ ಹಾಲವ್ವ ಬಂಡೆಯಿಂದ ಜಾರಿ ಮೊಣಕಾಲು ಮುರಿದುಕೊಂಡಳು. ಮೂಳೆ ಕೂಡಿತು, ನಡಿಗೆ ಕೂಡಿಬರಲಿಲ್ಲ. ಅಂದಿನಿಂದ ಮಾಳಪ್ಪ, ನಾನು ಇಬ್ಬರೇ ಹೋಗುತ್ತಿದ್ದೆವು. ಮುಂಗಾರಿಗೆ ತಿರುಗಿ ಬಂದಾಗ ಗಂಡನಿಗೆ ನೀರು ಕೊಟ್ಟವಳೇ ನನ್ನನ್ನು ಮಡಿಲಿಗೆ ಎಳೆದುಕೊಳ್ಳುವಳು. ಒಂದೊಂದೇ ಹುಲ್ಲಿನ ಮುಳ್ಳು ಕಿತ್ತು, ಮೂಸಿ, "ಇದು ಹೊಳಿ ದಂಡಿದು. ಇದು ಗುಡ್ಡದ್ದು," ಎನ್ನುವಳು. ವರ್ಷದ ದಾರಿಯನ್ನು ಅವಳು ಕೂತಲ್ಲೇ ಹಾಗೆ ನಡೆದು ಮುಗಿಸುತ್ತಿದ್ದಳು. ನನ್ನನ್ನು ಯಾರೂ ತೊಳೆಯಕೂಡದೆಂದು ಕಟ್ಟಪ್ಪಣೆ ಬೇರೆ. ನನಗೆ ಜಂಬ ಬಂದಿದ್ದರೆ ತಪ್ಪೇನು?

ಆಮೇಲೊಂದು ವರ್ಷ ಎರೆಹೊಲ ದಾಟುತ್ತಲೇ ತಂತಿಬೇಲಿ. ಸುತ್ತಿ ಹೋದರೂ ಬೇಲಿ. ಬೇಸಿಗೆಯೆಲ್ಲ ಮಾಳಪ್ಪ ಹೆದ್ದಾರಿಯ ಬದಿಯಲ್ಲೇ ಕುರಿ ಮೇಯಿಸಿದ. ಹಾಲವ್ವನಿಗೆ ಏನು ಹೇಳುವುದೆಂಬ ಚಿಂತೆ ಅವನನ್ನು ಹಣ್ಣು ಮಾಡಿತು. ಮರಳುವಾಗ ಒಂದು ಚಹಾದಂಗಡಿಯ ಹಿತ್ತಲಲ್ಲಿ ಮಜ್ಜಿಗೆ ಹುಲ್ಲು ಕಂಡಿತು. ಕಿತ್ತು ನನ್ನ ಮೈಗೆಲ್ಲ ತಿಕ್ಕಿದ. ನನಗೆ ನಾಚಿಕೆಯಾಯಿತು, ಅವನ ಮೇಲೆ ಮರುಕವೂ ಆಯಿತು.

ಹಾಲವ್ವ ಮೂಸಿದಳು. ಮತ್ತೆ ಮೂಸಿದಳು.

"ಗುಡ್ಡ ಐತಿ. ಹೊಳಿ ಎಲ್ಲಿ?"

"ಈ ಸಲ ಹೊಳಿ ಬತ್ತಿತ್ತು."

"ನಿಮಗ ಸುಳ್ಳು ಹೇಳಾಕ ಬರಾಂಗಿಲ್ಲ. ದಾರಿ ಮುಚ್ಯಾರೇನು?"

ಮಾಳಪ್ಪ ತಲೆ ತಗ್ಗಿಸಿದ. "ಬೇಲಿ ಹಾಕ್ಯಾರ. ನಿನಗ ಹೆಂಗ ಹೇಳ್ಲಿ ಅಂತ..."

ಅವಳು ನನ್ನ ಅಂಚನ್ನು ಮಡಿಲಲ್ಲಿ ಮಡಿಸಿಕೊಂಡಳು. "ಇಷ್ಟ ವರ್ಷ ನಾ ಒಬ್ಬಾಕೀನ ಮನ್ಯಾಗ ಉಳದೀನಿ ಅನ್ಕೊಂಡಿದ್ದೆ. ಈಗ ನೀವೂ ಉಳದ್ರಿ," ಎಂದಳು.

ಕುರಿ ಮಾರಿದರು. ಈಗ ನನಗೆ ಮುಪ್ಪು. ಅಂಚು ಪಿಸಿದಿದೆ, ಬಳಿದ ಸರಿ ಸವೆದಿದೆ, ಕಟ್ಟೆಯ ಮೂಲೆಯೇ ನನ್ನ ಸೀಮೆ. ಮೈಯಲ್ಲಿ ಒಂದು ಮುಳ್ಳೂ ಇಲ್ಲ. ಮಲಪ್ರಭೆಯ ಹಸಿ ಗಾಳಿ ಇನ್ನೊಮ್ಮೆ ತಾಗಲೆಂದು ಜೀವ ಹಂಬಲಿಸುತ್ತದೆ. ಸಂಜೆ ಇಬ್ಬರೂ ನನ್ನ ಮೇಲೆ ಕೂರುತ್ತಾರೆ. ಹಾಲವ್ವ ಬಾಯಿಮಾತಲ್ಲೇ ದಾರಿ ನಡೆಸುತ್ತಾಳೆ, ಮಾಳಪ್ಪ ಕಣ್ಣು ಮುಚ್ಚಿ ಕೇಳುತ್ತಾನೆ. ಮೊನ್ನೆ ಅವಳು ಎರೆ ದಾಟಿಸಿ ಹೊಳೆಗೆ ಇಳಿಸುವಷ್ಟರಲ್ಲಿ ಅವನು ಅವಳ ಕೈ ಹಿಡಿದ.

"ಸಾವಕಾಶ ನಡಿ," ಎಂದ. "ಹಿಂದ ಮರಿ ಅದಾವು."