ಖಂಡಿತ, ತೊಂದರೆಯಿಲ್ಲ ಸರ್

ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಯಾರ ಬೆರಳಿಗೂ ಗೆರೆ ಉಳಿದಿರಲಿಲ್ಲ. ಬ್ಲೀಚಿನ ನೀರು ಮೊದಲು ಉಗುರು ತಿಂದಿತ್ತು, ಆಮೇಲೆ ಚರ್ಮ. ಒದ್ದೆ ಬಟ್ಟೆ ಎತ್ತಿ ಎತ್ತಿ ಬಿದ್ದುಹೋದ ಸೊಂಟಕ್ಕಾದರೂ ಎಣ್ಣೆ ತಿಕ್ಕಬಹುದಿತ್ತು. ಬೆರಳಿಗೆ ಮದ್ದಿರಲಿಲ್ಲ.

ಇಸ್ತ್ರಿಯ ರೋಲರ್ ಹತ್ತಿರ ನಿಲ್ಲುವ ಹೆಂಗಸರಿಗೆಲ್ಲ ಅವಳು ದೊಡ್ಡಕ್ಕ. ಒಡಹುಟ್ಟಿದ ತಂಗಿ ಪುಟ್ಟಿಯನ್ನು ಆ ಕೆಲಸಕ್ಕೆ ಸೇರಿಸಿದವಳೂ ಅವಳೇ. ಪುಟ್ಟಿ ಹಾಸುಬಟ್ಟೆಯ ಅಂಚು ಹಿಡಿದು ರೋಲರಿಗೆ ಕೊಡುತ್ತಿದ್ದಳು. ರೋಲರಿನ ಮುಂದೆ ಒಂದು ಕಂಬಿ. ಕೈ ಅದಕ್ಕೆ ತಾಗಿದರೆ ಸಾಕು, ರೋಲರ್ ನಿಲ್ಲಬೇಕು.

ಒಳಗಿನ ಸೆಕೆ ತಾಳಲಾರದೆ ಸೂಪರ್‌ವೈಸರ್ ಕೆಳಗಿಳಿಯುವುದನ್ನೇ ಬಿಟ್ಟಿದ್ದ. ಹೇಳುವುದನ್ನೆಲ್ಲ ಫೋನಿಗೇ ಕಳಿಸುತ್ತಿದ್ದ. ಉತ್ತರ ಬರೆಯೋಣವೆಂದರೆ ಸವೆದ ಬೆರಳನ್ನು ಫೋನು ಗುರುತು ಹಿಡಿಯುತ್ತಿರಲಿಲ್ಲ.

"ನಮ್ಮನ್ನ ಸತ್ತೋರು ಅನ್ಕೊಂಡಿದೆ ಕಣ್ರೇ ಇದು" ಎಂದು ಬಟ್ಟೆ ಮಡಿಸುವವಳು ನಗಿಸುತ್ತಿದ್ದಳು. ಬಾಯಿ ಮುಚ್ಚಿದ್ದನ್ನು ಯಾರೂ ಕಾಣದ ಅವಳಿಗೆ ರೇಡಿಯೋ ಎಂದೇ ಹೆಸರು.

ಆದರೆ ಫೋನು ಒಂದು ಉಪಕಾರ ಮಾಡುತ್ತಿತ್ತು. ಇವರು ಏನು ಹೇಳಬಹುದೆಂದು ತಾನೇ ಊಹಿಸಿ, ಎರಡು ಮೂರು ಉತ್ತರ ದಪ್ಪಗೆ ಬರೆದು ಕೆಳಗಿಡುತ್ತಿತ್ತು. ಅಷ್ಟು ದೊಡ್ಡದಾದರೆ ಸವೆದ ಬೆರಳಿಗೂ ಸಿಗುತ್ತಿತ್ತು; ಒಂದನ್ನು ಒತ್ತಿದರೆ ಮುಗಿಯಿತು.

ಆವತ್ತು ಸಾಲಿನ ಎಲ್ಲರಿಗೂ ಬೇರೆ ಬೇರೆಯಾಗಿ ಒಂದೇ ಮಾತು ಬಂತು. "ಕಂಬಿ ಕೆಟ್ಟಿದೆ. ರಿಪೇರಿಯವನು ಮುಂದಿನ ವಾರ ಬರ್ತಾನೆ. ಅಲ್ಲಿವರೆಗೆ ಹಾಗೇ ಓಡಿಸಬಹುದಲ್ವಾ?"

ದೊಡ್ಡಕ್ಕ ಬೇಡ ಅನ್ನೋಣವೆಂದು ಕೈ ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಫೋನು ಹಿಡಿಯಲಿಲ್ಲ. ಹಿಂದೆ ಬಟ್ಟೆ ಗುಡ್ಡೆ ಬೀಳುತ್ತಿತ್ತು. ಕೆಳಗೆ ಮೂರು ಉತ್ತರ ಕಾದಿದ್ದವು: ಖಂಡಿತ, ತೊಂದರೆಯಿಲ್ಲ ಸರ್. ಆಗಲಿ ಸರ್. ಧನ್ಯವಾದಗಳು. 'ಬೇಡ' ಅನ್ನುವುದು ಇರಲೇ ಇಲ್ಲ. ಮೇಲಿನದನ್ನು ಒತ್ತಿದಳು.

"ಹುಷಾರು ಕಣ್ರೇ, ಕಂಬಿ ಇಲ್ಲ" ಎಂದು ಎಲ್ಲರಿಗೂ ಹೇಳಿದಳು. ಪುಟ್ಟಿಗಂತೂ ಹೇಳಿದ್ದೇ ಹೇಳಿದಳು. ಆದರೆ ವರ್ಷಗಟ್ಟಲೆ ಕಂಬಿಯನ್ನು ನಂಬಿದ್ದ ಕೈ. ಮಡಚಿಕೊಂಡ ಅಂಚನ್ನು ಬಿಡಿಸಲು ಅದು ತಾನಾಗೇ ಮುಂದೆ ಹೋಯಿತು. ಪುಟ್ಟಿಯ ಕೂಗು ಕೇಳಿ ದೊಡ್ಡಕ್ಕ ಸ್ವಿಚ್ಚಿಗೆ ಓಡುವಷ್ಟರಲ್ಲಿ ಬಲಗೈಯ ಬೆರಳೆಲ್ಲ ರೋಲರಿನ ಒಳಗಿದ್ದವು.

ಮಾರನೇ ದಿನ ತನಿಖೆಗೆ ಒಬ್ಬ ಅಧಿಕಾರಿ ಬಂದ. ಮ್ಯಾನೇಜರನ ಕೋಣೆಯಲ್ಲಿ ತಂಪಾಗಿ ಕೂತು ದೊಡ್ಡಕ್ಕನನ್ನು ಕರೆಸಿ, ಸೂಪರ್‌ವೈಸರನ ಫೋನಿಗೆ ಬಂದಿದ್ದ ಮೆಸೇಜು ತೋರಿಸಿದ.

"ಇದು ನಿಮ್ಮ ಉತ್ತರ ತಾನೇ?"

"ನನ್ನ ಮಾತಲ್ಲ ಸಾರ್. ಫೋನೇ ಬರೆದಿಟ್ಟಿತ್ತು."

"ಒತ್ತಿದ್ದು ಯಾರು?"

"ನಾನೇ."

"ಮತ್ತೆ?"

ಮ್ಯಾನೇಜರ್ ಮೆತ್ತಗೆ ಹೇಳಿದ: "ನೀವು ಯಾವಾಗ್ಲೂ ಏನು ಹೇಳ್ತೀರೋ ಅದನ್ನೇ ಫೋನು ಊಹಿಸೋದಮ್ಮ. ಎಲ್ರೂ ಒಪ್ಪಿದ್ದೀರಿ. ಬಲವಂತ ಯಾರು ಮಾಡಿದ್ರು?"

ದೊಡ್ಡಕ್ಕ ಕೋಣೆಯಿಂದ ಹೊರಬಂದಳು. ಹೌದಲ್ಲ, ಇಷ್ಟು ವರ್ಷದಲ್ಲಿ ಒಂದು ಸಲವೂ ಇಲ್ಲ ಅಂದವಳಲ್ಲ. ತಂಗಿಯ ಕೈಯನ್ನು ತಾನೇ ರೋಲರಿಗೆ ಕೊಟ್ಟೆನೇನೋ ಅನ್ನಿಸಿ ಮೆಟ್ಟಿಲ ಮೇಲೇ ಕುಸಿದು ಅತ್ತಳು.

ರೇಡಿಯೋ ಬಂದು ಪಕ್ಕದಲ್ಲಿ ಕೂತಳು. ಏನಾಯಿತೆಂದು ಕೇಳಿ ತನ್ನ ಫೋನು ತೆಗೆದು ತೋರಿಸಿದಳು. ಅದರಲ್ಲೂ ಅದೇ: ಖಂಡಿತ, ತೊಂದರೆಯಿಲ್ಲ ಸರ್. ಒಬ್ಬೊಬ್ಬರಾಗಿ ಎಲ್ಲರೂ ತೆಗೆದರು. ಒಂದಕ್ಷರ ಆಚೆ ಈಚೆ ಇಲ್ಲ.

"ಖಂಡಿತ ಅಂತೆ!" ಎಂದಳು ರೇಡಿಯೋ. "ನನ್ನ ಬಾಯಲ್ಲಿ ಈ ಮಾತು ಬಂದ್ರೆ ನನ್ನ ಗಂಡ ಡಾಕ್ಟರನ್ನ ಕರೀತಾನೆ. ಯಾರೇ ಹಿಂಗೆ ಮಾತಾಡೋದು ನಮ್ಮಲ್ಲಿ?"

ಯಾರೂ ನಗಲಿಲ್ಲ. ದೊಡ್ಡಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಉಳಿದವರೂ ಎದ್ದರು. ಅವರು ಮೇಲೆ ಹೋಗುವಷ್ಟರಲ್ಲಿ ಅಧಿಕಾರಿ 'ಕೆಲಸಗಾರರ ಒಪ್ಪಿಗೆ ಇತ್ತು' ಎಂದು ಬರೆದು ಹೊರಟುಹೋಗಿದ್ದ. ಬಾಗಿಲಲ್ಲಿ ಸೂಪರ್‌ವೈಸರ್ ಅಡ್ಡ ನಿಂತ.

"ಏನಿದು ಗುಂಪು? ನೀವು ಒಪ್ಪಿದ್ರಿ ಅಂತ ಆಫೀಸರ್ ಬರೆದು ಹೋಗಾಯ್ತು. ಹೇಳೋದಿದ್ರೆ ಮೆಸೇಜ್ ಹಾಕಿ."

"ಬಾಯಲ್ಲೇ ಹೇಳ್ತೀವಿ ಸಾರ್" ಎಂದಳು ದೊಡ್ಡಕ್ಕ. "ಕಂಬಿ ಸರಿಯಾಗೋವರೆಗೂ ರೋಲರ್ ಮುಟ್ಟಲ್ಲ. ಪುಟ್ಟಿ ಆಸ್ಪತ್ರೆ ಖರ್ಚು, ಮುಂದಿನ ಬದುಕು ನಿಮ್ಮದೇ. ಒಪ್ಪಿದ್ರು ಅಂತ ಬರೆದಿದಾರಲ್ಲ, ನಾವು ಒಪ್ಪಿಲ್ಲ ಅಂತಲೂ ಬರೀಬೇಕು."

"ಒಬ್ಬೊಬ್ಬರೇ ಬನ್ನಿ, ಮಾತಾಡೋಣ."

ಯಾರೂ ಕದಲಲಿಲ್ಲ. ಕೆಳಗೆ ಹಾಸುಬಟ್ಟೆಯ ಗುಡ್ಡ ಬೆಳೆಯಿತು. ಆಸ್ಪತ್ರೆ, ಹೋಟೆಲುಗಳಿಂದ ಫೋನಿನ ಮೇಲೆ ಫೋನು. ಮುಂದಿನ ವಾರ ಬರಬೇಕಿದ್ದ ರಿಪೇರಿಯವನು ಮಧ್ಯಾಹ್ನವೇ ಬಂದ. ಒಂದು ತಂತಿ ಬಿಚ್ಚಿದ, ಇನ್ನೊಂದು ಕಟ್ಟಿದ. ಅವನಿಗೆ ತಂದ ಚಹಾ ಆರುವ ಮೊದಲೇ ಕೆಲಸ ಮುಗಿದಿತ್ತು. ಪುಟ್ಟಿಯ ವಿಷಯಕ್ಕೆ ಮಾತ್ರ "ನೋಡೋಣ" ಎಂದರು.

ಸಂಜೆ ದೊಡ್ಡಕ್ಕ ಆಸ್ಪತ್ರೆಗೆ ಹೋದಳು. ಪುಟ್ಟಿ ಎದ್ದಿದ್ದಳು. ಬಲಗೈ ಬಟ್ಟೆಯ ಉಂಡೆಯಾಗಿತ್ತು.

"ಕಂಬಿ ಸರಿ ಮಾಡಿದ್ರಾ ಅಕ್ಕ?"

"ಮಾಡಿದ್ರು."

"ಎಷ್ಟೊತ್ತು ಹಿಡೀತು?"

ದೊಡ್ಡಕ್ಕ ತಂಗಿಯ ಎಡಗೈ ಹಿಡಿದುಕೊಂಡಳು.

"ಬಹಳ ಹೊತ್ತು ಕಣೇ" ಎಂದಳು. "ದೊಡ್ಡ ಕೆಲಸ. ದಿನವೆಲ್ಲ ಹಿಡೀತು."