ಬೆನ್ನ ಮೇಲಿನ ಸ್ಟಿಕ್ಕರ್

ಸೆಕೆಂಡ್ ಹ್ಯಾಂಡ್ ವಾಷಿಂಗ್ ಮೆಷಿನ್ನಿನ ವಾರಂಟಿ ಶನಿವಾರ ಮುಗಿಯಿತು. ಭಾನುವಾರ ಬೆಳಿಗ್ಗೆಯೇ ಲಾಂಡ್ರಿಯವಳ ತಮ್ಮ, ಮಾರಿದ ಅಂಗಡಿಯವನು ಅದರ ಬೆನ್ನಿಗೆ ಅಂಟಿಸಿದ್ದ 'ಬಿಚ್ಚಿದರೆ ವಾರಂಟಿ ಇಲ್ಲ' ಎಂಬ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ತೆಗೆದ. ಒಂದು ವರ್ಷದಿಂದ ಅದನ್ನು ಬೆಕ್ಕು ಹಾಲಿನ ಪಾತ್ರೆಯನ್ನು ನೋಡುವ ಹಾಗೆ ನೋಡುತ್ತಿದ್ದ.

"ಇನ್ಮೇಲೆ ಕೆಟ್ರೆ ಅಂಗಡಿಯವನು ತಿರುಗಿಯೂ ನೋಡಲ್ಲ ಅಕ್ಕ. ವಾರಕ್ಕೊಂದ್ಸಲ ಬಿಚ್ಚಿ, ಒರೆಸಿ, ಟೈಟ್ ಮಾಡಿದ್ರೆ ಇನ್ನೂ ಹತ್ತು ವರ್ಷ ಓಡುತ್ತೆ. ಖರ್ಚೇ ಇಲ್ಲ."

ಖರ್ಚಿಲ್ಲ ಎಂಬ ಮಾತು ಅಕ್ಕನಿಗೆ ಹಿಡಿಸಿತು. ತಮ್ಮನಿಗೆ ಬೀದಿಯವರಿಟ್ಟ ಹೆಸರು 'ಎಂಜಿನಿಯರ್'. ಓದನ್ನು ಅರ್ಧಕ್ಕೇ ಬಿಟ್ಟವನು ಸ್ಕ್ರೂಡ್ರೈವರನ್ನು ಮಾತ್ರ ಬಿಟ್ಟಿರಲಿಲ್ಲ. ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು, ಯಾವ ದಿನ ಏನು ಬಿಚ್ಚಿದೆ, ಏನು ಕೆಟ್ಟಿತು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿಡತೊಡಗಿದ.

ಆರು ವಾರದಲ್ಲಿ ಮೆಷಿನ್ನು ನಾಲ್ಕು ಸಲ ನಿಂತಿತು. ಮೂರನೇ ಸಲ ನರ್ಸಿಂಗ್ ಹೋಮಿನ ಬೆಡ್‌ಶೀಟುಗಳು ಒಂದು ದಿನ ತಡವಾದವು. ನಾಲ್ಕನೇ ಸಲ, ಸೋಮವಾರ ಬೆಳಿಗ್ಗೆ, ಹೆಡ್ ನರ್ಸ್ ಫೋನಿನಲ್ಲೇ ಜಾಡಿಸಿದಳು.

"ನಾಳೆ ಹನ್ನೆರಡರೊಳಗೆ ನಲವತ್ತು ಶೀಟ್ ಬರ್ಲಿಲ್ಲ ಅಂದ್ರೆ ಬೇರೆಯವ್ರಿಗೆ ಕೊಡ್ತೀನಮ್ಮ. ಪೇಷೆಂಟ್‌ಗಳನ್ನ ಪೇಪರ್ ಮೇಲೆ ಮಲಗಿಸ್ಲಾ?"

ಲಾಂಡ್ರಿಗೆ ಬರುವ ಅರ್ಧಕ್ಕರ್ಧ ಬಟ್ಟೆ ಅಲ್ಲಿಯದು. ಅದು ತಪ್ಪಿದರೆ ಬಾಗಿಲು ಹಾಕಬೇಕಷ್ಟೆ. ಅಕ್ಕ ಓಡಿಹೋಗಿ ಎರಡು ಬೀದಿ ಆಚೆಯ ಮೆಕ್ಯಾನಿಕ್ ಮಾಮನನ್ನು ಕರೆತಂದಳು.

ಮಾಮ ಟಾರ್ಚು ಬಿಟ್ಟು ಹಿಂಬದಿಯ ಸ್ಕ್ರೂಗಳನ್ನು ನೋಡಿದ. ಒಂದರ ತಲೆಯೂ ನೆಟ್ಟಗಿರಲಿಲ್ಲ.

"ಇದಕ್ಕೆ ದಿನಾ ಆಪರೇಷನ್ ಮಾಡೋ ಡಾಕ್ಟ್ರು ಯಾರಮ್ಮ?"

"ದಿನಾ ಅಲ್ಲ ಮಾಮ, ವಾರಕ್ಕೊಂದ್ಸಲ," ಎಂದ ತಮ್ಮ, ಎದೆ ಉಬ್ಬಿಸಿ. "ಎಲ್ಲಾ ಬರೆದಿಟ್ಟಿದೀನಿ."

ಮಾಮನ ಕೈಯೆಲ್ಲ ಗ್ರೀಸು. ಅಕ್ಕನೇ ನೋಟ್‌ಬುಕ್ ತೆಗೆದು ಓದಿದಳು.

"ಭಾನುವಾರ, ಪೈಪ್ ತೆಗೆದು ತೊಳೆದು ಟೈಟ್ ಮಾಡಿದ್ದು. ಸೋಮವಾರ, ಪೈಪ್ ಸೋರಿಕೆ. ಭಾನುವಾರ, ಬೆಲ್ಟ್ ಬಿಗಿ ಮಾಡಿದ್ದು. ಮಂಗಳವಾರ, ಬೆಲ್ಟ್ ಕಟ್." ಅವಳ ದನಿ ನಿಧಾನವಾಯಿತು. "ಭಾನುವಾರ, ನನಗೆ ಜ್ವರ, ಬಿಚ್ಚಿಲ್ಲ. ಮುಂದಿನ ಭಾನುವಾರ, ಇನ್ನೂ ಜ್ವರ."

ಆ ಎರಡು ವಾರಗಳಲ್ಲಿ ಏನು ಕೆಟ್ಟಿತು ಎಂದು ಬರೆಯುವ ಜಾಗ ಖಾಲಿ. ಮೆಷಿನ್ನು ಒಮ್ಮೆಯೂ ನಿಂತಿರಲಿಲ್ಲ.

ಅಕ್ಕ ತಲೆಯೆತ್ತಿದಳು. ತಮ್ಮ ಸೀಲಿಂಗ್ ಫ್ಯಾನಿನಲ್ಲಿ ಏನನ್ನೋ ಹುಡುಕುತ್ತಿದ್ದ.

"ನಿಂಗೆ ಜ್ವರ ಬಂದಾಗ ಅದಕ್ಕೆ ಆರೋಗ್ಯ ಕಣೋ!"

ನಿನ್ನೆ ಅವನು ಕಿತ್ತು ಒರೆಸಿದ್ದ ವೈರು ಸರಿಯಾಗಿ ಕೂತಿರಲಿಲ್ಲ. ಮಾಮನಿಗೆ ಅದು ಹತ್ತು ನಿಮಿಷದ ಕೆಲಸ.

"ಬೆಲ್ಟ್ ಸವೆಯೋ ಸಾಮಾನು. ವರ್ಷಕ್ಕೊಂದು ಹೊಸದು ಹಾಕ್ಸು, ಇನ್ನೊಂದನ್ನ ತಂದು ಮೊಳೆಗೆ ನೇತುಹಾಕಿರು. ಮುಂದಿನ ಮುಚ್ಚಳ ತೆಗೆದು ಕಸ ಹಿಡಿಯೋ ಜಾಲರಿ ವಾರವಾರ ತೊಳಿ. ಮಿಕ್ಕಿದ್ದು ಸದ್ದು ಮಾಡೋ ತನಕ ಯಾರೂ ಮುಟ್ಟಬೇಡಿ. ಹಳೇ ಸಾಮಾನಿಗೆ ಇಷ್ಟೇ ಕಣಮ್ಮ ಆರೈಕೆ."

"ಹಾಗಾದ್ರೆ ನಾನೇನ್ ಮಾಡ್ಲಿ?" ಎಂದ ತಮ್ಮ.

"ಕಿವಿ ಕೊಟ್ಟು ಕೂತಿರು. ಕೈ ಜೇಬಲ್ಲಿರ್ಲಿ."

ಮರುದಿನ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅಕ್ಕ ಗಂಟು ಇಳಿಸಿದಳು. ಹೆಡ್ ನರ್ಸ್ ನಲವತ್ತನ್ನೂ ಎಣಿಸಿದಳು. ಹೊಗಳಲಿಲ್ಲ, ಬೈಯಲೂ ಇಲ್ಲ. ಮೂಲೆಯಲ್ಲಿದ್ದ ಕೊಳೆ ಬಟ್ಟೆಯ ಹೊಸ ಗಂಟನ್ನು ಕಾಲಿನಿಂದ ಈಚೆ ತಳ್ಳಿದಳು. ಅಕ್ಕನಿಗೆ ಅಷ್ಟು ಸಾಕಾಗಿತ್ತು.

ಅಂಗಡಿಗೆ ಬಂದವಳೇ ಒಂದು ಚೀಟಿ ಬರೆದು ಮೆಷಿನ್ನಿನ ಬೆನ್ನಿಗೆ ಅಂಟಿಸಿದಳು: 'ಬಿಚ್ಚಿದರೆ ಊಟ ಇಲ್ಲ.'

ಭಾನುವಾರ ಜಾಲರಿ ತೊಳೆದು ಮುಗಿಸಿದ ತಮ್ಮ ಜೇಬಿನಲ್ಲಿ ಕೈಯಿಟ್ಟು ಚಡಪಡಿಸುತ್ತ ಕೂತಿದ್ದ. ಪಕ್ಕದ ಮನೆಯಾಕೆ ಮಿಕ್ಸಿ ಎತ್ತಿಕೊಂಡು ಬಂದಳು.

"ನಿನ್ನೆ ಇದರ ವಾರಂಟಿ ಮುಗೀತು. ನಿನ್ನ ತಮ್ಮ ಒಂದ್ಸಲ ಬಿಚ್ಚಿ ನೋಡ್ತಾನಾ?"

ತಮ್ಮನ ಕೈ ಆಗಲೇ ಜೇಬಿನಿಂದ ಹೊರಗೆ ಬಂದಿತ್ತು.

"ಚೆನ್ನಾಗಿ ತಿರುಗ್ತಿದೆಯಾ?" ಎಂದು ಅಕ್ಕ ಅಡ್ಡ ನಿಂತಳು.

"ತಿರುಗ್ತಿದೆ."

"ಹಾಗಾದ್ರೆ ಬೇಗ ಮನೆಗೆ ತಗೊಂಡ್ಹೋಗಿ. ಇವನಿಗೆ ಈಗ ಜ್ವರ ಇಲ್ಲ."