ನ್ನಾಲೊಂಗೊಳ ಟೀವಿಯ ಹಸಿರು

ಮಸಾಕಾದ ನಮ್ಮ ಬೀದಿಯಲ್ಲಿ ನ್ನಾಲೊಂಗೊಳ ಫುಟ್‌ಬಾಲ್ ಶೆಡ್ಡು ಇದೆ, ಕಾಸು ಕೊಟ್ಟು ಟೀವಿಯಲ್ಲಿ ಆಟ ನೋಡುವ ಜಾಗ. ಅಲ್ಲಿನ ಟೀವಿಯಲ್ಲಿ ಹುಲ್ಲು ಎಷ್ಟು ಹಸಿರಾಗಿತ್ತೆಂದರೆ, ಒಮ್ಮೆ ಮೇಕೆಯೊಂದು ಒಳನುಗ್ಗಿ ಪರದೆಯನ್ನೇ ನೆಕ್ಕಿತ್ತು. ಎಳೆದು ಹೊರಹಾಕಿದವನು ನಾನೇ. ಆದರೂ ಎದುರಿನ ಶೆಡ್ಡಿನ ಮುಲಿಂದ್ವಾ ಅದಕ್ಕಿಂತ ದೊಡ್ಡ ಟೀವಿ ತಂದಮೇಲೆ ನ್ನಾಲೊಂಗೊಳ ಬೆಂಚುಗಳು ಖಾಲಿಯಾದವು. ಅವಳಿ ಮಕ್ಕಳನ್ನು ಹೆತ್ತವಳೆಂದು ಎಲ್ಲರೂ ಗೌರವದಿಂದ ನ್ನಾಲೊಂಗೊ ಎನ್ನುತ್ತಿದ್ದರು. ಗೌರವದಿಂದ ಶೆಡ್ಡು ತುಂಬುತ್ತದೆಯೇ? ಹೀಗೇ ಆದರೆ ಬಾಗಿಲು ಹಾಕುವುದೇ ಗತಿ.

ಅಷ್ಟರಲ್ಲಿ ಕಂಪಾಲಾದಿಂದ ವಾಂಡೆರಾ ಎಂಬವನು ಬಂದ. ಟೀವಿಯ ಚಿತ್ರ ಹದ ಮಾಡುವುದೇ ಅವನ ಕಸುಬಂತೆ.

"ಕೆಟ್ಟಿಲ್ಲದ ಟೀವಿನ ರಿಪೇರಿ ಮಾಡ್ತೀಯಾ? ಯಾರಪ್ಪಾ ನಿನ್ನ ಕಳ್ಸಿದ್ದು, ಮುಲಿಂದ್ವಾನಾ?" ಎಂದೆ.

"ರಿಪೇರಿ ಅಲ್ಲಣ್ಣ, ಬಣ್ಣ ಸರಿ ಮಾಡೋದು. ಇವತ್ತಿನ ಆಟ ನೋಡಿ. ಬೇಡ ಅಂದ್ರೆ ಮೊದಲಿನ ಥರಾನೇ ಮಾಡಿಟ್ಟು ಹೋಗ್ತೀನಿ."

ಬಾಗಿಲು ಮುಚ್ಚಿಸಿದ. ಬೆಳಕು ಬಾರದಂತೆ ತಗಡಿನ ತೂತುಗಳಿಗೆ ಗೋಣಿಚೀಲ ತುರುಕಿದ. ಬಣ್ಣ ಅಳೆಯುವ, ಕಪ್ಪೆಯಂಥ ಕರಿ ಯಂತ್ರವೊಂದನ್ನು ಪರದೆಗೆ ನೇತುಹಾಕಿದ.

"ಬಣ್ಣ ಹೀರ್ತಿದೆ ನೋಡೋ," ಎಂದು ಗೆಳೆಯ ಕಿಗ್ಗುಂದು ನನ್ನ ಕಿವಿ ಕಚ್ಚಿದ.

ಬಾಗಿಲು ತೆರೆದಾಗ ನಮ್ಮ ಹಸಿರು ಬಾಡಿದ ಬಾಳೆಲೆಯಾಗಿತ್ತು! ಕಿಗ್ಗುಂದು ಅವನ ಚೀಲ ಕೊಡವಿಸಿದ. ಸಿಕ್ಕಿದ್ದು ಒಂದಿಷ್ಟು ವೈರು, ಅರ್ಧ ತಿಂದ ಚಪಾತಿ.

"ಬಣ್ಣಾನೂ ತಿಂದೇಬಿಟ್ಟ ಕಳ್ಳ!"

ನ್ನಾಲೊಂಗೊ ವಾಂಡೆರಾನನ್ನೇ ಕಳ್ಳಗಣ್ಣಿನಲ್ಲಿ ನೋಡುತ್ತ ಕೂತಳು.

ಆಟ ಶುರುವಾಯಿತು. ಅಲ್ಲಿ ಬಿಸಿಲು, ಅರ್ಧ ಮೈದಾನ ನೆರಳು. ಹಿಂದೆಲ್ಲ ಆ ನೆರಳು ನಮ್ಮ ಟೀವಿಯಲ್ಲಿ ಮಡಕೆಯ ತಳದಷ್ಟು ಕಪ್ಪು. ಅಲ್ಲಿ ಏನಾಯಿತೆಂದು ನಾವೇ ತೀರ್ಮಾನಿಸುತ್ತಿದ್ದೆವು, ಸದಾ ನಮ್ಮ ಕೆಂಪು ತಂಡದ ಪರವಾಗಿ. ಇವತ್ತು ಆ ನೆರಳಿನಲ್ಲೂ ಆಟಗಾರರ ಕತ್ತಿನ ಬೆವರೂ ಕಂಡಿತು.

ಸೀಟಿ ಮೊಳಗಿತು. ನಮ್ಮ ವಿರುದ್ಧ ಪೆನಾಲ್ಟಿ! ನೆರಳು ಇನ್ನೂ ಕಪ್ಪಾಗೇ ಕಾಣುವ ಮುಲಿಂದ್ವಾನ ಶೆಡ್ಡಿನಿಂದ "ರೆಫ್ರಿ ಕಳ್ಳ!" ಎಂಬ ಬೊಬ್ಬೆ. ಆದರೆ ನಮಗೆ ನೆರಳಿನೊಳಗೆ ನಮ್ಮವನ ಕೈ ಚೆಂಡಿಗೆ ತಾಗಿದ್ದು ಸ್ಪಷ್ಟ ಕಂಡಿತ್ತು.

"ಹಳೇ ಚಿತ್ರಾನೇ ಹಾಕೋ!" ಎಂದು ಕಿಗ್ಗುಂದು ಚೀರಿದ. "ಇದು ನಮ್ಮೋರ ಮಾನಾನೇ ಕಳೀತಿದೆ!"

ವಾಂಡೆರಾ ರಿಮೋಟು ಹಿಡಿದು ನ್ನಾಲೊಂಗೊಳತ್ತ ತಿರುಗಿ, "ಏನ್ ಮಾಡ್ಲಮ್ಮಾ?" ಎಂದ.

ನನ್ನ ಬಾಯಿ ಸುಮ್ಮನಿರಬೇಕಲ್ಲ! ಬಾಗಿಲಿಗೆ ಹೋಗಿ, "ಕೈ ತಾಗಿದೆ ಕಣ್ರೋ, ನಾವ್ ನೋಡಿದ್ವಿ!" ಎಂದು ಕೂಗಿದೆ.

"ಸುಳ್ಳ! ಎಲ್ಲಿ, ತೋರ್ಸು!"

ನನಗೆ ಹೊಡೆಯಲೆಂದೇ ಆ ಶೆಡ್ಡಿನ ಅಷ್ಟೂ ಜನ ನುಗ್ಗಿಬಂದರು. ಟೀವಿಯಲ್ಲಿ ಅದನ್ನೇ ಮತ್ತೆ ತೋರಿಸಿದರು. ಕೈ ತಾಗಿದ್ದು ಕಂಡು, ಹೊಡೆಯಲು ಎತ್ತಿದ ಕೈಗಳೆಲ್ಲ ಇಳಿದವು. ಒಬ್ಬನೂ ವಾಪಸ್ ಹೋಗಲಿಲ್ಲ. ಜಾಗವಿಲ್ಲದೆ ಒಬ್ಬ ದಢೂತಿ ನನ್ನ ತೊಡೆಯ ಮೇಲೇ ಕೂತ.

ನ್ನಾಲೊಂಗೊ ರಿಮೋಟು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. "ಇದನ್ನ ಮುಟ್ಟಿದವನ ಕೈ ಮುರೀತೀನಿ."

ಕೊನೆಗೆ ಮುಲಿಂದ್ವಾನೂ ಬಂದ. ಬಂದವನೇ ವಾಂಡೆರಾನ ಕಿವಿಯಲ್ಲಿ ತನ್ನ ಶೆಡ್ಡಿನತ್ತ ಕೈ ತೋರುತ್ತ ಏನೋ ಉಸುರತೊಡಗಿದ.

"ಅವನ ಹತ್ರ ಏನಯ್ಯಾ ನಿಂದು ಪಿಸಿಪಿಸಿ?" ಎಂದು ಗದರಿದ ನ್ನಾಲೊಂಗೊ, ವಾಂಡೆರಾನ ರಟ್ಟೆ ಹಿಡಿದು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.